ಗುಡ್ಡದ ಮೇಲೆ ಇಲ್ಲದ ಮರಗಳನ್ನು ಎಣಿಸಿದ್ದು

2023ರ ಜನವರಿ. ನಾನಾಗ ಪಿಎಚ್.ಡಿ.ಯ ಕೊನೆಯ ವರ್ಷದಲ್ಲಿದ್ದೆ. ನಮ್ಮೂರು ಕೂಡ್ಲಿಗಿ. ನನ್ನ ತಂದೆ, ಅಬ್ಬಾ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೋಟಾರ್ ಸೈಕಲ್ಲು, ಪಂಪ್‌ಸೆಟ್ಟು ರಿಪೇರಿ ಮಾಡುತ್ತಾರೆ. ಮೆಕ್ಯಾನಿಕ್‌ನ ಮಗಳು ಸಂಖ್ಯಾಶಾಸ್ತ್ರ ಓದಿ, ಕೊನೆಗೆ ಗುಡೇಕೋಟೆ ಕಡೆಯ ಗುಡ್ಡದಲ್ಲಿ ಟೇಪು ಹಿಡಿದು ಮರ ಅಳೆಯುತ್ತಾಳೆ ಎಂದರೆ ಓಣಿಯವರಿಗೆ ನಗು. ಮರ ಎಣಿಸುವುದಕ್ಕೂ ಡಾಕ್ಟರ್ ಆಗಬೇಕೇನ್ರಿ ಎಂದು ಗಿರಾಕಿಗಳು ಅಬ್ಬಾನನ್ನು ಕೇಳುತ್ತಿದ್ದರಂತೆ. ಅಬ್ಬಾ ತಮ್ಮ ಪಾಡಿಗೆ ಸ್ಪಾನರ್ ತಿರುಗಿಸುತ್ತಿದ್ದರಂತೆ.

ನನ್ನ ಕೆಲಸ ಏನೆಂದು ಹೇಳುವುದು ಕಷ್ಟವಲ್ಲ. ಹೊಲದಲ್ಲಿ ಜೋಳ ಒತ್ತಾಗಿ ಹುಟ್ಟಿದರೆ ರೈತ ನಡುವಿನ ಸಸಿಗಳನ್ನು ಕಿತ್ತು ಉಳಿದವಕ್ಕೆ ಜಾಗ ಮಾಡುತ್ತಾನೆ. ಕಾಡಿನಲ್ಲಿ ಹಾಗೆ ಕೀಳುವವರು ಯಾರೂ ಇಲ್ಲ. ಮರಗಳು ದಪ್ಪವಾಗುತ್ತಾ ಹೋದಂತೆ ಕೆಲವು ತಾವಾಗಿಯೇ ಒಣಗಿ ಉಳಿದವಕ್ಕೆ ಜಾಗ ಬಿಡುತ್ತವೆ. ಎಷ್ಟು ದಪ್ಪಕ್ಕೆ ಎಷ್ಟು ಮರ ಉಳಿಯುತ್ತವೆ ಎಂಬುದಕ್ಕೆ ಒಂದು ಲೆಕ್ಕವಿದೆ. ಗ್ರಾಫ್ ಹಾಳೆಯ ಮೇಲೆ ಅದು ಇಳಿಜಾರಿನ ಗೆರೆಯಾಗಿ ಬರುತ್ತದೆ. ನಾನು ಓದಿದ ಲೆಕ್ಕಗಳೆಲ್ಲ ಚಳಿ ದೇಶದ ಓಕ್ ಕಾಡುಗಳವು. ಓಕ್ ಮರವನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ನಮ್ಮ ಗುಡ್ಡಗಳ ಕಮರ ಮರಕ್ಕೆ ಆ ಗೆರೆ ಹೊಂದುತ್ತದೆಯೇ ಎಂದು ನೋಡುವುದು ನನ್ನ ಆಸೆ. ಕಮರ ನಮ್ಮ ಸೀಮೆಯ ಗಟ್ಟಿ ಮರ. ಕೊಡಲಿ ಬಿದ್ದರೆ ಕಬ್ಬಿಣದ ಮೇಲೆ ಬಿದ್ದಂತೆ ಸದ್ದಾಗುತ್ತದೆ. ಎಲೆಗಳು ಜೋಡಿ ಜೋಡಿಯಾಗಿ ಆಡಿನ ಗೊರಸಿನ ಗುರುತಿನಂತಿರುತ್ತವೆ.

ನಮ್ಮ ಗೈಡ್ ಸರ್ ದಾವಣಗೆರೆ ಕಡೆಯವರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಮೊದಲಿನಿಂದಲೂ ಅವರದು ಒಂದೇ ತಕರಾರು. ಇವತ್ತು ನಿಂತ ಮರಗಳನ್ನಷ್ಟೇ ಅಳೆದರೆ ಅದು ಒಂದು ಫೋಟೋ ಇದ್ದ ಹಾಗೆ, ಮರಗಳು ಜಾಗ ಬಿಡುವುದು ವರ್ಷಗಟ್ಟಲೆ ನಡೆಯುವ ಕೆಲಸ, ಸತ್ತ ಮರಗಳ ಲೆಕ್ಕ ಎಲ್ಲಿಂದ ತರುತ್ತೀ ಎಂದು ಕೇಳುತ್ತಿದ್ದರು. ಒಂದೇ ಕಾಡನ್ನು ಮೂವತ್ತು ನಲವತ್ತು ವರ್ಷ ಅಳೆದವರು ನಮ್ಮ ಕಡೆ ಯಾರಿದ್ದಾರೆ? ಜೂನ್ ಕೊನೆಗೆ ಪ್ರಬಂಧ ಕೊಡಬೇಕಿತ್ತು. ಉತ್ತರ ಸಿಗದಿದ್ದರೆ ಕಮರದ ಅಧ್ಯಾಯವನ್ನೇ ತೆಗೆದುಬಿಡು ಎಂದಿದ್ದರು. ಆ ಅಧ್ಯಾಯಕ್ಕಾಗಿಯೇ ನಾನು ಪಿಎಚ್.ಡಿ. ಸೇರಿದ್ದು.

ಅರಣ್ಯ ಇಲಾಖೆಯ ಅನುಮತಿ ಪತ್ರ ಚೀಲದಲ್ಲಿಟ್ಟುಕೊಂಡು ದಿನಾ ಬೆಳಗಿನ ಬಸ್ಸಿಗೆ ಗುಡೇಕೋಟೆಗೆ ಹೋಗಿ, ಅಲ್ಲಿಂದ ಒಂದು ಹಟ್ಟಿಯ ಹಿಂದಿನ ಗುಡ್ಡ ಹತ್ತುತ್ತಿದ್ದೆ. ಅದು ಕರಡಿಗಳ ಸೀಮೆ. ಮಧ್ಯಾಹ್ನ ಮೂರೂವರೆಗೆಲ್ಲ ಇಳಿದುಬಿಡಬೇಕು. ಹಗ್ಗ ಕಟ್ಟಿ ಇಪ್ಪತ್ತು ಮೀಟರಿನ ಚೌಕಗಳನ್ನು ಮಾಡಿಕೊಂಡು ಒಂದೊಂದರಲ್ಲಿರುವ ಪ್ರತಿ ಮರದ ಸುತ್ತಳತೆ ಬರೆದುಕೊಳ್ಳುತ್ತಿದ್ದೆ. ಅಬ್ಬಾ ಹಳೆಯ ತಗಡು ಕತ್ತರಿಸಿ, ಅಂಕಿ ಒತ್ತಿ, ನೂರಾರು ಬಿಲ್ಲೆ ಮಾಡಿಕೊಟ್ಟಿದ್ದರು. ಅಳೆದ ಮರಕ್ಕೆ ತಂತಿಯಿಂದ ಒಂದೊಂದು ಬಿಲ್ಲೆ ಕಟ್ಟುತ್ತಿದ್ದೆ.

ಆ ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬರಿದ್ದರು. ಹೆಸರು ಬೊಮ್ಮಕ್ಕ. ಅರವತ್ತು ದಾಟಿದ ವಯಸ್ಸು, ಕೈಯಲ್ಲಿ ಸೊಪ್ಪು ಎಳೆಯುವ ಉದ್ದನೆಯ ದೋಟಿ. ದೂರದಿಂದಲೇ ನನ್ನನ್ನು ನೋಡುತ್ತಿದ್ದರು, ನಾನು ನೋಡಿದರೆ ಮುಖ ತಿರುಗಿಸುತ್ತಿದ್ದರು. ಒಂದು ತಿಂಗಳಾದರೂ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಫೆಬ್ರುವರಿ ನಡುವಿನ ಹೊತ್ತಿಗೆ ಮೂವತ್ತಾರು ಚೌಕಗಳಲ್ಲಿ ಇಪ್ಪತ್ತೇಳು ಮುಗಿದಿದ್ದವು. ಒಂದು ಮಧ್ಯಾಹ್ನ ಬುತ್ತಿ ತಿಂದು, ಪುಸ್ತಕವನ್ನು ಬಂಡೆಯ ಮೇಲೆ ಇಟ್ಟು, ಟೇಪು ಹಿಡಿದು ನಾಲ್ಕು ಮರ ಆಚೆ ಹೋದೆ. ಶೇಂಗಾ ಚಟ್ನಿಯ ಕೈಯಲ್ಲೇ ಪುಸ್ತಕ ಮುಟ್ಟಿದ್ದೆ ಎಂದು ಕಾಣುತ್ತದೆ. ತಿರುಗಿ ನೋಡಿದಾಗ ಕಪ್ಪು ಆಡೊಂದು ಬಂಡೆಯ ಮೇಲೆ ನಿಂತು ನೆಮ್ಮದಿಯಿಂದ ಮೆಲ್ಲುತ್ತಿತ್ತು. ಅದರ ಬಾಯಿಂದ ನನ್ನ ಅಕ್ಷರಗಳಿದ್ದ ಹಾಳೆಯ ತುದಿ ಇಳಿಬಿದ್ದಿತ್ತು. ಕಿರುಚಿಕೊಂಡು ಓಡಿದೆ. ಅದು ಪುಸ್ತಕ ಕಚ್ಚಿಕೊಂಡೇ ಹಾರಿತು. ಕೊನೆಗೆ ನನ್ನ ಕೈಗೆ ಸಿಕ್ಕಿದ್ದು ರಟ್ಟು, ಖಾಲಿ ಹಾಳೆಗಳು ಮತ್ತು ಅರ್ಧ ಪುಟ.

ದಿನಾ ಸಂಜೆ ಪುಟಗಳ ಫೋಟೋ ತೆಗೆದಿಟ್ಟುಕೋ ಎಂದು ಸರ್ ಹೇಳಿದ್ದರು. ಮೊದಲ ಒಂಬತ್ತು ಚೌಕಗಳಿಗೆ ತೆಗೆದಿದ್ದೆ. ಆಮೇಲೆ ನಾಳೆ ತೆಗೆದರಾಯಿತು ಎಂದು ಬಿಟ್ಟಿದ್ದೆ. ಆ ಸೋಮಾರಿತನದ ಸಿಟ್ಟನ್ನೆಲ್ಲ ನಾನು ಬೊಮ್ಮಕ್ಕನ ಮೇಲೆ ತೆಗೆದೆ. ಏನೇನು ಬೈದೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನನ್ನ ತಾಯಿಗಿಂತ ಹಿರಿಯ ಹೆಂಗಸು ದೋಟಿ ಕೆಳಗಿಟ್ಟು, ತಲೆ ತಗ್ಗಿಸಿ, ಮುಗಿಯುವ ತನಕ ಕೇಳಿಸಿಕೊಂಡರು. ಬೈಯುವುದು ಮುಗಿದು ನನಗೆ ಅಳು ಬಂತು. ಆಗ ಅವರು ಹತ್ತಿರ ಬಂದು ಕೂತರು.

"ಆಡಿಗೇನು ತಿಳೀತತಿ ಯವ್ವಾ, ತಪ್ಪು ನಂದು" ಎಂದರು. "ಏನು ಬರ್ದಿದ್ದಿ ಅದರಾಗ?"

ಮರಗಳ ದಪ್ಪ ಎಂದೆ.

ಅವರು ಗುಡ್ಡದ ಕಡೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಮರ ಇಲ್ಲೇ ಅದಾವಲ್ಲ?"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ನಿಜ, ಹೋಗಿದ್ದು ಕಾಗದ. ಮರಗಳು ಅಲ್ಲೇ ನಿಂತಿದ್ದವು, ಅಬ್ಬಾನ ಬಿಲ್ಲೆಗಳೂ ಅವುಗಳ ಮೈಮೇಲಿದ್ದವು. ನಾಳೆಯಿಂದ ಟೇಪಿನ ಇನ್ನೊಂದು ತುದಿ ತಾನು ಹಿಡಿಯುತ್ತೇನೆ, ಇಬ್ಬರಾದರೆ ಬೇಗ ಆಗುತ್ತದೆ ಎಂದು ಬೊಮ್ಮಕ್ಕ ಹೇಳಿದರು. ನಾನು ಬೈದಿದ್ದಕ್ಕೆ ತಪ್ಪಾಯಿತು ಅಂದದ್ದು ಮರುದಿನ. ಅದಕ್ಕೆ ಅವರು ನನ್ನ ಬುತ್ತಿ ಬಿಚ್ಚಿ ನೋಡಿ, ಇಷ್ಟು ಉಂಡರೆ ಗುಡ್ಡ ಹತ್ತೋಕಾಗುತ್ತಾ ಎಂದು ತಮ್ಮ ಸಜ್ಜೆ ರೊಟ್ಟಿ ಹಾಕಿದರು.

ಇಬ್ಬರೂ ಸೇರಿ ಮತ್ತೆ ಅಳೆಯತೊಡಗಿದೆವು. ಮೂರನೆಯ ದಿನ ಒಂದು ವಿಚಿತ್ರ ನೋಡಿದೆ. ಒಂದು ಚೌಕದಲ್ಲಿ ಟೇಪು ಹಿಡಿದು ನಡೆಯುವಾಗ ಬೊಮ್ಮಕ್ಕ ಬಯಲು ಜಾಗವೊಂದನ್ನು ನೇರ ದಾಟದೆ ಸುತ್ತು ಹಾಕಿಕೊಂಡು ಬಂದರು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ತಿರುಗಿ ಹೋಗುವಾಗಲೂ ಹಾಗೇ ಮಾಡಿದರು. ಹಾವು ಏನಾದರೂ ಇದೆಯೇ ಎಂದು ಕೇಳಿದೆ.

ಅವರಿಗೇ ಅದು ಗೊತ್ತಾಗಿರಲಿಲ್ಲ. ನಿಂತು ನೋಡಿ ನಕ್ಕರು. "ಇಲ್ಲೆ ಸೊಸಿ ಇದ್ಲವ್ವ. ಈಗಿಲ್ಲ. ಆದ್ರ ಕಾಲು ಮರೀಬೇಕಲ್ಲ."

ಪಕ್ಕದಲ್ಲೇ ದೊಡ್ಡ ಕಮರ ಮರವೊಂದು ನಿಂತಿತ್ತು. ಅದು ಅತ್ತೆಯಂತೆ. ಅದರ ಮಗ್ಗುಲಿಗೆ ಸಣ್ಣದೊಂದು ಮರ ಇತ್ತು, ಅದಕ್ಕೆ ಸೊಸೆ ಎಂದು ಹೆಸರಿಟ್ಟಿದ್ದರು. ಬೊಮ್ಮಕ್ಕ ಈ ಗುಡ್ಡಕ್ಕೆ ಆಡು ಹೊಡೆದುಕೊಂಡು ಬರತೊಡಗಿದ್ದು ಮದುವೆಯಾಗಿ ಹಟ್ಟಿಗೆ ಬಂದ ಹೊಸತರಲ್ಲಿ. ಮನೆಯಲ್ಲಿ ಅತ್ತೆಯ ಕಾಟ ಬಹಳವಿತ್ತು. ಹಾಗಾಗಿ ಸೊಸೆ ಮರದ ಬುಡದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದರಂತೆ. ಅತ್ತೆ ಮರ ದಪ್ಪವಾಗುತ್ತಾ ಹೋಯಿತು, ಸೊಸೆ ಮರ ತುದಿಯಿಂದ ಒಣಗುತ್ತಾ ಬಂತು. ಪೂರ್ತಿ ಸಾಯಲು ಮೂರು ಬೇಸಿಗೆ ಹಿಡಿಯಿತು. ಹಟ್ಟಿಗೆ ಕರೆಂಟು ಬಂದ ವರ್ಷ ಒಣಗಿದ ಕಾಂಡ ಗಾಳಿಗೆ ಬಿತ್ತು, ಊರವರು ಸೌದೆಗೆ ಒಯ್ದರು.

ನಾನು ಟೇಪು ಕೆಳಗಿಟ್ಟೆ. ಯಾರಾದರೂ ಕಡಿದಿರಬಹುದಲ್ಲ ಎಂದು ಕೇಳಿದೆ.

"ಕಡಿದಿದ್ರ ಯಾರು ಕಡಿದ್ರು ಅಂತ ಹೇಳ್ತಿದ್ದೆ" ಎಂದರು.

ಇಂಥವು ಇನ್ನೂ ನೆನಪಿವೆಯೇ ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನಲವತ್ತು ವರ್ಷಕ್ಕೂ ಮೇಲೆ ದಿನಾ ಓಡಾಡಿದ ಜಾಗ, ಮನೆಯ ಕಂಬಗಳು ನೆನಪಿವೆಯೇ ಎಂದು ಕೇಳಿದ ಹಾಗಾಯಿತು. ಸುತ್ತಲೂ ದೋಟಿ ತೋರಿಸುತ್ತಾ ಹೇಳುತ್ತಾ ಹೋದರು. ಇದು ಹಿರಿಮಗಳು ಹೊಟ್ಟೆಯಲ್ಲಿದ್ದಾಗ ಒಣಗಿದ್ದು. ಇದು ಕಿರಿಮಗನಿಗೆ ಹೆಣ್ಣು ನೋಡಿದ ವರ್ಷದ್ದು. ಇದು ಒಣಗಿದ್ದಲ್ಲ, ಹಟ್ಟಿಯ ಒಬ್ಬರು ದನದ ಕೊಟ್ಟಿಗೆಯ ಕಂಬಕ್ಕೆ ಕಡಿದದ್ದು, ಬರೆಯಬೇಡ. ನಾನು ಹೊಸ ಪುಸ್ತಕ ತೆಗೆದು ಬರೆದುಕೊಂಡೆ. ಎರಡು ವರ್ಷದಿಂದ ಸರ್ ಕೇಳುತ್ತಿದ್ದ ಸತ್ತ ಮರಗಳ ಲೆಕ್ಕ ಒಂದು ದೋಟಿಯ ತುದಿಯಲ್ಲಿತ್ತು.

ಆಮೇಲಿನ ದಿನಗಳಲ್ಲಿ ಅಳೆಯುವ ಕೆಲಸದ ಜೊತೆ ಇದೂ ಸೇರಿತು. ಅವರು ಹೇಳಿದ ವರ್ಷಗಳನ್ನು ಇಸವಿಗೆ ಇಳಿಸಲು ಸಂಜೆ ಹಟ್ಟಿಗೆ ಹೋಗಿ ಮಗಳ ಶಾಲೆಯ ಸರ್ಟಿಫಿಕೇಟು, ಮೊಮ್ಮಕ್ಕಳ ಜನನ ಪತ್ರ ತೆಗೆಸಿ ನೋಡುತ್ತಿದ್ದೆ. ಮಾರ್ಚ್ ಮುಗಿಯುವ ಹೊತ್ತಿಗೆ ಮೂವತ್ತಾರು ಚೌಕಗಳಲ್ಲಿ ತಾವಾಗಿ ಒಣಗಿದ ನೂರಾ ಹದಿನೇಳು ಮರಗಳು ನನ್ನ ಪುಸ್ತಕದಲ್ಲಿದ್ದವು. ಪ್ರತಿ ಪುಟದ ಫೋಟೋ ಅಂದಂದೇ ತೆಗೆದೆ. ಮನೆಗೆ ಬಂದ ಮೇಲೆ ಇನ್ನೊಮ್ಮೆ ತೆಗೆದೆ.

ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು "ನೆನಪು ಅಂದ್ರೆ ದತ್ತಾಂಶ ಅಲ್ಲಮ್ಮ" ಎಂದರು. ಪರೀಕ್ಷೆ ಮಾಡಿ ನೋಡಿ ಸರ್ ಎಂದೆ. ನನ್ನ ಧ್ವನಿಯಲ್ಲಿದ್ದ ಹಟ ಕೇಳಿಯೋ ಏನೋ, ಏಪ್ರಿಲ್ ಮೊದಲ ಭಾನುವಾರ ಬರುತ್ತೇನೆ ಎಂದರು.

ಆ ಭಾನುವಾರ ಅಬ್ಬಾ ಅಂಗಡಿ ಮುಚ್ಚಿ, ಬೈಕಿಗೆ ಹಾರೆ ಕಟ್ಟಿಕೊಂಡು ನನ್ನ ಜೊತೆ ಬಂದರು. ನನ್ನ ಗುಡ್ಡವನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ಸರ್ ಬಂದವರೇ ಬೊಮ್ಮಕ್ಕನಿಗೆ ನಮಸ್ಕಾರ ಮಾಡಿ, ನಾವು ಅಳೆದ ಚೌಕಗಳು ಬೇಡ ಎಂದರು. ನಾವಿಬ್ಬರೂ ಒಮ್ಮೆಯೂ ಹಗ್ಗ ಕಟ್ಟದ ಒಂದು ಇಳಿಜಾರನ್ನು ತಾವೇ ಆರಿಸಿದರು. ಸತ್ತ ಮರಗಳಿದ್ದ ಜಾಗದಲ್ಲೆಲ್ಲ ಒಂದೊಂದು ಕಲ್ಲಿಡಿ, ಆಮೇಲೆ ಅಗೆದು ನೋಡೋಣ ಎಂದು ಹೇಳಿದರು. ಕಮರದ ಬೇರು ಬೇಗ ಕೊಳೆಯುವುದಿಲ್ಲ, ಮರ ಇದ್ದದ್ದೇ ನಿಜವಾದರೆ ಮಣ್ಣಿನಲ್ಲಿ ಏನಾದರೂ ಉಳಿದಿರಲೇಬೇಕು.

ಬೊಮ್ಮಕ್ಕ ಹೆದರಲಿಲ್ಲ. ಹೆದರಿದ್ದು ನಾನು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತಿಂದಿತ್ತ ನಡೆದು, ಎರಡು ಕಡೆ ನಿಂತು ಯೋಚಿಸಿ, ಹನ್ನೊಂದು ಕಲ್ಲು ಇಟ್ಟರು. ಕೊನೆಯ ಕಲ್ಲಿನ ಮೇಲೆ ಮಾತ್ರ ತಮಗೆ ಅನುಮಾನ ಇದೆ ಎಂದು ಮೊದಲೇ ಹೇಳಿದರು.

ಅಬ್ಬಾ ಮೊದಲ ಕಲ್ಲು ಸರಿಸಿ ಅಗೆದರು. ಬರೀ ಮಣ್ಣು. ಮತ್ತೆ ಅಗೆದರು, ಮಣ್ಣು ಮತ್ತು ಗರಸು. ಸರ್ ಕೈಕಟ್ಟಿ ನಿಂತಿದ್ದರು. ನಾನು ಬೊಮ್ಮಕ್ಕನ ಮುಖ ನೋಡಲಾರದೆ ಆಚೆ ತಿರುಗಿದೆ.

"ಇನ್ನ ಒಂದು ಗೇಣು ಹೋಗ್ರಿ ಸಾಬ್ರ" ಎಂದರು ಬೊಮ್ಮಕ್ಕ. "ಇಲ್ಲಿ ಮಳಿ ನೀರು ಮಣ್ಣು ತಂದು ಹಾಕೈತಿ."

ಅಬ್ಬಾ ಹಾರೆ ಎತ್ತಿ ಇಳಿಸಿದರು. ಠಣ್ ಎಂದಿತು. ಕಲ್ಲು ಇರಬೇಕು ಎಂದರು ಸರ್. ಅಬ್ಬಾ ತಲೆ ಅಲ್ಲಾಡಿಸಿದರು. ಮೂವತ್ತು ವರ್ಷ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಿದವರು ಅವರು. ಬಗ್ಗಿ ಕೈಯಿಂದ ಮಣ್ಣು ಬಳಿದರು. ಒಳಗೆ ಕೆಂಪು ಕಪ್ಪಾದ, ತೊಡೆಯಷ್ಟು ದಪ್ಪದ ಬೇರಿನ ಗಂಟು ಇಡಿಯಾಗಿ ಕುಳಿತಿತ್ತು.

ಅಲ್ಲಿಂದ ಮುಂದಿನ ಎರಡು ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ. ಎರಡನೆಯದು ಸಿಕ್ಕಿತು. ಮೂರನೆಯದೂ ಸಿಕ್ಕಿತು. ನಾಲ್ಕನೆಯದಕ್ಕೆ ಸರ್ ಅಂಗಿಯ ತೋಳು ಮಡಚಿ ತಾವೇ ಹಾರೆ ತೆಗೆದುಕೊಂಡರು. ಹನ್ನೊಂದರಲ್ಲಿ ಒಂಬತ್ತು ಕಡೆ ಬೇರು ಇತ್ತು. ಸಿಗದ ಎರಡರಲ್ಲಿ ಒಂದು ಬೊಮ್ಮಕ್ಕನೇ ಅನುಮಾನಪಟ್ಟಿದ್ದ ಕಲ್ಲು.

ಸರ್‌ಗೆ ಅಷ್ಟು ಸಾಲಲಿಲ್ಲ. ಇಳಿಜಾರಿನ ನಡುವೆ ಅಗಲವಾದ ಬಯಲು ತೋರಿಸಿ, ಇಷ್ಟು ಜಾಗ ಖಾಲಿ ಇದೆಯಲ್ಲ, ಇಲ್ಲಿ ಯಾಕೆ ಒಂದು ಕಲ್ಲೂ ಇಟ್ಟಿಲ್ಲ ಎಂದು ಕೇಳಿದರು.

"ಅಲ್ಲಿ ಹುಟ್ಟೇ ಇಲ್ರಿ" ಎಂದರು ಬೊಮ್ಮಕ್ಕ. "ಕೆಳಗ ಹಾಸುಗಲ್ಲು ಐತಿ."

ಅಬ್ಬಾ ಅಲ್ಲಿ ಹಾರೆ ಹಾಕಿದರು. ಅರ್ಧ ಗೇಣಿಗೆ ಕಿಡಿ ಹಾರಿತು. ಕಲ್ಲು.

ಸರ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬೊಮ್ಮಕ್ಕನನ್ನು ಎದುರಿಗೆ ಕೂರಿಸಿಕೊಂಡು, ಜೇಬಿನ ಪುಸ್ತಕ ತೆಗೆದು, ಮೊದಲ ವರ್ಷದ ವಿದ್ಯಾರ್ಥಿಯ ಹಾಗೆ ಒಂದರ ಮೇಲೊಂದು ಪ್ರಶ್ನೆ ಕೇಳತೊಡಗಿದರು. ದೊಡ್ಡ ಮರದ ಮಗ್ಗುಲಿಗೆ ಇದ್ದವೇ ಹೆಚ್ಚು ಒಣಗುತ್ತವೆಯೋ, ದೂರ ಇದ್ದವೋ? ನೆರಳಿಗೋ, ಬೇರೆ ಯಾವುದಕ್ಕೋ? ಓಕ್ ಕಾಡಿನ ಲೆಕ್ಕದಲ್ಲಿ ಮರಗಳ ಪೈಪೋಟಿ ಬಹುಮಟ್ಟಿಗೆ ಬೆಳಕಿಗಾಗಿ. ನಮ್ಮ ಗುಡ್ಡದಲ್ಲಿ ಯಾಕೆ ಗೆರೆ ಬೇರೆ ಕಡೆ ವಾಲುತ್ತದೆ ಎಂದು ನಾನೂ ಅವರೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಬೊಮ್ಮಕ್ಕ ಅದಕ್ಕೆ ಕೊಟ್ಟ ಉತ್ತರವನ್ನು ಸರ್ ಎರಡು ಸಲ ಹೇಳಿಸಿ ಬರೆದುಕೊಂಡರು.

"ಬಿಸಿಲು ಮ್ಯಾಲೆ ಎಲ್ಲಾರಿಗೂ ಐತ್ರಿ. ಜಗಳೆಲ್ಲಾ ಕೆಳಗ, ನೀರಿಗೆ."

ಇಳಿಯುವ ಮೊದಲು ಎಲ್ಲರೂ ಅದೇ ಬಯಲಿನ ಅಂಚಿನ ನೆರಳಲ್ಲಿ ಕೂತು ರೊಟ್ಟಿ ತಿಂದೆವು. ಸರ್ ನನ್ನ ಕಡೆ ತಿರುಗಿ, "ಆ ಅಧ್ಯಾಯ ತೆಗೀಬೇಡ, ಅದನ್ನೇ ಮೊದಲು ಹಾಕು" ಎಂದರು. ಅಬ್ಬಾ ಬೇರೆ ಕಡೆ ನೋಡುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ಮರುದಿನ ಅಂಗಡಿಯಲ್ಲಿ ಬಂದವರಿಗೆಲ್ಲ ಮಣ್ಣಿನೊಳಗಿನ ಮರ ಹೇಗೆ ಎಣಿಸುತ್ತಾರೆ ಎಂದು ಗಂಟೆಗಟ್ಟಲೆ ವಿವರಿಸಿದರಂತೆ. ಮೂರು ಬೈಕು ರಿಪೇರಿಯಾಗದೆ ನಿಂತಿದ್ದವು ಎಂದು ನನ್ನ ಅಮ್ಮಿ ದೂರು ಹೇಳಿದರು.

ಜೂನ್ ಹೊತ್ತಿಗೆ ಪ್ರಬಂಧ ಬರೆದು ಮುಗಿಸಿದೆ. ಗೆರೆ ಓಕ್ ಮರಗಳ ಗೆರೆಗಿಂತ ಬೇರೆಯಾಗಿಯೇ ಬಂತು, ಆದರೆ ಗೆರೆಯಾಗಿಯೇ ಬಂತು. ಮೊದಲ ಪ್ರತಿ ಕೈಗೆ ಬಂದಾಗ ಹಟ್ಟಿಗೆ ಒಯ್ದು ಬೊಮ್ಮಕ್ಕನ ಹೆಸರಿದ್ದ ಪುಟ ಓದಿ ಹೇಳಿದೆ. ಅವರು ಸೆರಗಿನ ಮರೆಯಲ್ಲಿ ನಕ್ಕರು. ಆಮೇಲೆ ಸೊಸೆಯ ವಿಷಯ ಬರೆದಿದ್ದೀಯಾ ಎಂದು ಕೇಳಿದರು. ಪಟ್ಟಿಯಲ್ಲಿ ಆ ಮರದ ನಂಬರು ತೋರಿಸಿದೆ. ಅವರ ಮುಖ ಸಪ್ಪಗಾಯಿತು. ನಂಬರು ಯಾಕೆ, ಅವಳಿಗೆ ಹೆಸರು ಇಲ್ಲವೇ ಎಂದರು. ಕೊಡಬೇಕಾದ ಅಂತಿಮ ಪ್ರತಿ ಮಾಡಿಸುವಾಗ ಸರ್ ಅವರ ಒಪ್ಪಿಗೆ ಪಡೆದು ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಸೊಸೆ ಎಂದೇ ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅದೇನೆಂದು ಕೇಳಿದರು. ನಾನು ಈ ಕಥೆ ಹೇಳಿದೆ. ವೈವಾಕ್ಕೆ ಮೀಸಲಿಟ್ಟ ಹೊತ್ತೆಲ್ಲ ಅದರಲ್ಲೇ ಕಳೆದುಹೋಯಿತು.

ಈಗ ನಾನು ಹಡಗಲಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರಜೆ ಸಿಕ್ಕಾಗ ಗುಡ್ಡಕ್ಕೆ ಹೋಗುತ್ತೇನೆ. ಅದಾದ ಮರುವರ್ಷ ಕಮರಕ್ಕೆ ಭರ್ತಿ ಬೀಜ ಹಿಡಿದಿತ್ತು. ಮಳೆಗಾಲ ಮುಗಿದ ಮೇಲೆ ಹೋದರೆ ಗುಡ್ಡದ ಬುಡದಲ್ಲಿ ಹೆಜ್ಜೆ ಇಡಲು ಜಾಗವಿಲ್ಲದಷ್ಟು ಎಳೆ ಸಸಿಗಳು. ಬೊಮ್ಮಕ್ಕ ಆಡುಗಳನ್ನು ಆಚೆ ಗುಡ್ಡಕ್ಕೆ ಹೊಡೆಸಿ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಒಂದು ಚೌಕದಷ್ಟು ಜಾಗಕ್ಕೆ ದೋಟಿಯಿಂದ ಗೆರೆ ಎಳೆದು, ಇವು ದೊಡ್ಡವಾದಾಗ ಇದರಲ್ಲಿ ಎಷ್ಟು ಉಳಿಯುತ್ತವೆ, ನಿನ್ನ ಲೆಕ್ಕ ಏನು ಹೇಳುತ್ತದೆ ಎಂದು ಕೇಳಿದರು. ನಾನು ಕೂತು ಲೆಕ್ಕ ಹಾಕಿ ನಲವತ್ತು ಎಂದೆ. ಅವರು ಒಂದು ಸುತ್ತು ನಡೆದು, ಮಣ್ಣು ಕೈಯಲ್ಲಿ ಉಜ್ಜಿ ನೋಡಿ, ಅಷ್ಟು ಉಳಿಯುವುದಿಲ್ಲ, ಮೂವತ್ತು ಎಂದರು.

ಯಾರು ಸರಿ ಎಂದು ತಿಳಿಯಲು ನಲವತ್ತು ವರ್ಷ ಬೇಕಲ್ಲ ಎಂದು ನಾನು ನಕ್ಕೆ.

"ನಾ ಇರಂಗಿಲ್ಲ, ನೀ ಇರ್ತಿ" ಎಂದರು ಬೊಮ್ಮಕ್ಕ. "ಬಂದು ಎಣಿಸು. ನಾ ಗೆದ್ದಿದ್ರ ಇಲ್ಲೇ ನಿಂತು ಗಟ್ಟಿಯಾಗಿ ಹೇಳು, ಗುಡ್ಡಕ್ಕೆಲ್ಲಾ ಕೇಳಂಗ."

ಆಗಲಿ ಎಂದು ಮಾತು ಕೊಟ್ಟೆ. ನನ್ನ ಓದಿಗೆ ಸಿಕ್ಕಿದ ಪದವಿಗಿಂತ ಆ ಮಾತು ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ನಲವತ್ತು ವರ್ಷದ ಕೆಲಸವೊಂದನ್ನು ನನ್ನನ್ನು ನಂಬಿ ಒಪ್ಪಿಸಿದವರು ಅವರೊಬ್ಬರೇ. ಆ ಚೌಕದ ನಾಲ್ಕು ಮೂಲೆಗೂ ಕಲ್ಲು ನೆಟ್ಟಿದ್ದೇನೆ. ಪ್ರತಿ ವರ್ಷ ಹೋಗಿ ಎಣಿಸುತ್ತೇನೆ, ಬೊಮ್ಮಕ್ಕ ಪಕ್ಕದಲ್ಲಿ ಕೂತು ತಪ್ಪಿದರೆ ತಿದ್ದುತ್ತಾರೆ. ಕಳೆದ ಸಲ ಎಣಿಸಿದಾಗ ಸಸಿಗಳು ನನ್ನ ಲೆಕ್ಕ ಹೇಳಿದ್ದಕ್ಕಿಂತ ಬಹಳ ಬೇಗ ಕಡಿಮೆಯಾಗುತ್ತಿದ್ದವು. ಈ ಪಂದ್ಯದಲ್ಲಿ ಸೋಲುವುದು ನಾನೇ ಎಂದು ಕಾಣುತ್ತದೆ. ಯಾವುದಾದರೂ ಸೋಲಿಗೆ ಇಷ್ಟು ಖುಷಿಯಿಂದ ನಾನು ಕಾದದ್ದಿಲ್ಲ.